ಎಕ್ಸೆಲ್ ಹಾಳೆಯಲ್ಲಿ ಎಷ್ಟು ಮನೆ?

ಪ್ರಶ್ನೆ: ನಮ್ಮ ಸಂಘದ ಸದಸ್ಯರ ಹೆಸರುಗಳು ಎಕ್ಸೆಲ್‌ನ ಎ ಕಾಲಂನಲ್ಲಿವೆ. ಮೊದಲ ಸಾಲಿನಲ್ಲಿ ಶೀರ್ಷಿಕೆ, ಎರಡನೆಯದು ಖಾಲಿ. ಮೂರರಿಂದ ಒಂದು ಮನೆಯವರ ಹೆಸರುಗಳು, ಬಳಿಕ ಒಂದೆರಡು ಖಾಲಿ ಸಾಲು, ಆಮೇಲೆ ಮುಂದಿನ ಮನೆಯವರು. ಒಟ್ಟು ಎಷ್ಟು ಮನೆ ಎಂದು ಮ್ಯಾಕ್ರೋ ಎಣಿಸಬಲ್ಲದೇ?

ಉತ್ತರ: ಖಂಡಿತ ಎಣಿಸುತ್ತದೆ, ಅದೂ ಒಂದೇ ಸಾಲಿನಲ್ಲಿ. ವಿಬಿಎಯಲ್ಲಿ ಎ3ರಿಂದ ಎ500ರವರೆಗಿನ ರೇಂಜ್‌ಗೆ 'ಸ್ಪೆಷಲ್‌ಸೆಲ್ಸ್' ಹಚ್ಚಿ, ಕೈಯಾರೆ ಟೈಪ್ ಮಾಡಿದ ಸೆಲ್‌ಗಳನ್ನು, ಅಂದರೆ 'ಕಾನ್‌ಸ್ಟಂಟ್ಸ್' ಅನ್ನು ಮಾತ್ರ ಕೇಳಿ. ಒಂದಕ್ಕೊಂದು ತಾಗಿಕೊಂಡ ಸೆಲ್‌ಗಳನ್ನು ಎಕ್ಸೆಲ್ ಒಂದೊಂದು 'ಏರಿಯಾ' ಎಂದು ಪರಿಗಣಿಸುತ್ತದೆ. 3ರಿಂದ 6, 8ರಿಂದ 9, ಮತ್ತೆ 12ನೇ ಸಾಲಿನಲ್ಲಿ ಹೆಸರುಗಳಿದ್ದರೆ 'ಏರಿಯಾಸ್ ಡಾಟ್ ಕೌಂಟ್' ಕೊಡುವ ಉತ್ತರ 3.

ಆದರೆ ಒಂದೇ ಕಾಲಂ ಹಿಡಿದು ಎಣಿಸಿ. ಪಕ್ಕದ ಫೋನ್ ನಂಬರಿನ ಕಾಲಂ ಸೇರಿಸಿಕೊಂಡಿರೋ, ಮನೆಯೊಳಗೆ ಒಬ್ಬರ ನಂಬರ್ ಇಲ್ಲದಿದ್ದರೂ ಸಾಕು, ಆ ಮನೆ ಎರಡು ಮೂರು ತುಂಡಾಗುತ್ತದೆ. ಏರಿಯಾ ಯಾವಾಗಲೂ ಆಯತಾಕಾರದ್ದು. ಹೆಸರುಗಳು ಫಾರ್ಮುಲಾದಿಂದ ಬಂದಿದ್ದರೆ ಅವು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಹೆಸರೇ ಇಲ್ಲದ ಕಾಲಂ ಆದರೆ 1004ರ ಎರರ್ ಬರುತ್ತದೆ. ಎಕ್ಸೆಲ್ 2007 ಮತ್ತು ಅದಕ್ಕೂ ಹಳೆಯದರಲ್ಲಿ ಗುಂಪುಗಳು 8192 ಮೀರಿದರೆ ಯಾವ ಎಚ್ಚರಿಕೆಯೂ ಇಲ್ಲದೆ ತಪ್ಪು ಉತ್ತರ ಬರುತ್ತಿತ್ತು. 2010ರಲ್ಲಿ ಇದು ಸರಿಹೋಯಿತು.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಸ್ಪೇಸ್‌ಬಾರ್. ಖಾಲಿ ಎಂದು ಕಾಣುವ ಸೆಲ್‌ನಲ್ಲಿ ಯಾರೋ ಒಮ್ಮೆ ಸ್ಪೇಸ್ ಒತ್ತಿದ್ದರೆ ಎಕ್ಸೆಲ್ ಪಾಲಿಗೆ ಅದು ತುಂಬಿದ ಸೆಲ್. ಎರಡು ಮನೆಗಳ ನಡುವೆ ಇದ್ದ ಒಂದೇ ಖಾಲಿ ಸಾಲು ಅದಾಗಿದ್ದರೆ ಎರಡೂ ಮನೆ ಕೂಡಿಹೋಗುತ್ತವೆ. ಹಲವರು ಸೇರಿ ತುಂಬಿಸಿದ ಹಾಳೆಯಲ್ಲಿ ಇದು ಇದ್ದೇ ಇರುತ್ತದೆ. ಹಾಗಾಗಿ ನಾನು ಮೆಚ್ಚುವುದು ಲೂಪ್ ಬರೆಯುವ ದಾರಿಯನ್ನೇ: ಮೂರನೇ ಸಾಲಿನಿಂದ ಒಂದೊಂದೇ ಇಳಿಯುತ್ತ, ಈ ಸೆಲ್‌ನಲ್ಲಿ ಹೆಸರಿದ್ದು ಮೇಲಿನದು ಖಾಲಿಯಿದ್ದರೆ ಲೆಕ್ಕಕ್ಕೆ ಒಂದು ಕೂಡಿಸುವುದು. ಎರಡನ್ನೂ 'ಟ್ರಿಮ್' ಮಾಡಿಯೇ ನೋಡಿದರೆ ಸ್ಪೇಸ್‌ನ ಕಾಟ ತಪ್ಪುತ್ತದೆ, ಫಾರ್ಮುಲಾದಿಂದ ಬಂದ ಹೆಸರುಗಳೂ ಸೇರುತ್ತವೆ.

ಇದೇ ಪರೀಕ್ಷೆಯನ್ನು ಮ್ಯಾಕ್ರೋ ಇಲ್ಲದೆ 'ಸಮ್‌ಪ್ರಾಡಕ್ಟ್'ನಲ್ಲೂ ಬರೆಯಬಹುದು: ಎ3ರಿಂದ ಎ500 ಖಾಲಿಯಲ್ಲ ಎಂಬುದನ್ನು ಎ2ರಿಂದ ಎ499 ಖಾಲಿ ಎಂಬುದರಿಂದ ಗುಣಿಸಿದರಾಯಿತು. ಹೊಸ ಮನೆ ಸೇರಿಸಿದೊಡನೆ ಅಂಕಿ ತಾನೇ ಬದಲಾಗುತ್ತದೆ. ಮ್ಯಾಕ್ರೋವನ್ನಾದರೆ ಪ್ರತಿ ಸಲವೂ ರನ್ ಮಾಡಬೇಕು, ಫೈಲನ್ನು ಎಕ್ಸ್‌ಎಲ್‌ಎಸ್‌ಎಂನಂಥ, ಮ್ಯಾಕ್ರೋ ಉಳಿಸಿಕೊಳ್ಳುವ ರೂಪದಲ್ಲೇ ಸೇವ್ ಮಾಡಬೇಕು.