ಕೈಮರದ ಮೇಲೆ ಕೂತವರು

ಶಿವಮೊಗ್ಗ
ಏಪ್ರಿಲ್ 2025

ಚಿ. ಪುಟ್ಟಿಗೆ ಅಜ್ಜ ಮಾಡುವ ಆಶೀರ್ವಾದಗಳು.

ನಿನ್ನಪ್ಪ ನಿನ್ನೆ ರಾತ್ರಿ ಫೋನ್ ಮಾಡಿದ್ದ. ನೀನು ಕೇಳಿದ ಎರಡು ಸಂಗತಿಗೂ ಆಗಲೇ ಉತ್ತರ ಹೇಳಿಬಿಡಬಹುದಿತ್ತು. ಒಂದಕ್ಕೆ ನಾಲಿಗೆ ಏಳಲಿಲ್ಲ. ಅದಕ್ಕೇ ಈ ಕಾಗದ. ಅಕ್ಷರ ಅಲ್ಲಲ್ಲಿ ನಡುಗಿದ್ದರೆ ಅದು ನನ್ನ ಕೈಯ ದೋಷ. ಫೋಟೋದಲ್ಲಿ ಅಲುಗಾಡಿದ್ದನ್ನು ನೀನು ಒಪ್ಪುವುದಿಲ್ಲ, ಕಾಗದದಲ್ಲಾದರೂ ಒಪ್ಪಿಕೋ.

ಮೊದಲು ಪೆನ್‌ಡ್ರೈವ್ ವಿಷಯ. ಸಂಕ್ರಾಂತಿಗೆ ಹಿನ್ನೀರಿನ ಕಾಟೇಜಿನಲ್ಲಿ ಮೂರು ದಿನ ಇದ್ದು ನೀನು ತೆಗೆದ 1,140 ಫೋಟೋಗಳನ್ನು ನಾಲ್ಕು ಸಂಜೆ ಕೂತು ನೋಡಿ ಮುಗಿಸಿದೆ. ನನ್ನ ಕಾಲದಲ್ಲಿ ಒಂದು ರೀಲಿಗೆ 36 ಫೋಟೋ, ಒಂದು ಪ್ರವಾಸಕ್ಕೆ ಒಂದೇ ರೀಲು. ಅದಕ್ಕೂ ಮೊದಲು ನನ್ನಣ್ಣನ ಹತ್ತಿರ ಇದ್ದ ಅಗ್ಫಾ ಕ್ಲಿಕ್ ಡಬ್ಬಿಯಲ್ಲಿ ಬರುತ್ತಿದ್ದದ್ದು 12. ಹಾಗಂತ ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ರಾಗ ತೆಗೆಯಲು ಹೊರಟಿಲ್ಲ. 36ರಲ್ಲಿ 30 ಕೆಡುತ್ತಿದ್ದವು. ಸ್ಟುಡಿಯೋದವನಿಗೆ ತೊಳೆಯಲು ಕೊಟ್ಟು ವಾರ ಕಾದು, ಬಂದ ಪ್ರಿಂಟುಗಳಲ್ಲಿ ಹಕ್ಕಿ ಎಲ್ಲಿದೆ ಎಂದು ಮನೆಮಂದಿಗೆ ಬೆರಳಿಟ್ಟು ತೋರಿಸಬೇಕಿತ್ತು.

ನಿನ್ನ ರಾಶಿಯಲ್ಲಿ ಸೂರ್ಯೋದಯಗಳೇ ಇನ್ನೂರರ ಮೇಲಿವೆ. ಸೂರ್ಯ ಓಡಿಹೋಗುವವನಲ್ಲ ಪುಟ್ಟಿ, ಎರಡು ಸಾಕಿತ್ತು. ನಮ್ಮ ಕಾಟೇಜಿನ ಎದುರು ಅವನು ನೀರಿನಾಚೆ ಹುಟ್ಟುವುದರಿಂದ ಬೆಳಿಗ್ಗೆ ನಮ್ಮ ದಡದಿಂದ ಏನು ತೆಗೆದರೂ ಕಪ್ಪು ನೆರಳಾಗಿ ಬರುತ್ತದೆ. ಹಾವಕ್ಕಿಯ ಕೊರಳಿಗೆ, ರೆಕ್ಕೆ ಹರಡಿ ಒಣಗಿಸುವ ನೀರುಕಾಗೆಗೆ ಆ ಬೆಳಕು ಹೇಳಿ ಮಾಡಿಸಿದ್ದು. ಅವುಗಳಿಗೆ ಆಕಾರವೇ ಚೆಂದ. ಬಣ್ಣ ಬೇಕಾದರೆ ಸಂಜೆ ನಾಲ್ಕೂವರೆಯ ಮೇಲೆ, ಬಿಸಿಲು ನಮ್ಮ ಬೆನ್ನಿಗೆ ಬಂದಾಗ ತೆಗೆ. ಆ ಹೊತ್ತಿಗೆ ಸರಿಯಾಗಿ ನಿನ್ನ ಚಿಕ್ಕಪ್ಪ ಕಾರಿನ ಬಾಗಿಲು ತೆರೆದು ಹಾಡು ಹಾಕುತ್ತಾನೆ, ಅಜ್ಜಿ ಕಾಫಿಗೆ ಕೂಗುತ್ತಾಳೆ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಬೆಳ್ಳಕ್ಕಿಗಳೆಲ್ಲ ಸುಣ್ಣದ ಉಂಡೆಗಳಂತಾಗಿವೆ, ಒಂದು ಗರಿಯೂ ಕಾಣುವುದಿಲ್ಲ. ಕ್ಯಾಮೆರಾ ಎಷ್ಟು ಜಾಣನಾದರೂ ಲೋಕವೆಲ್ಲ ಬೂದುಬಣ್ಣದ್ದು ಎಂದುಕೊಂಡೇ ಲೆಕ್ಕ ಹಾಕುತ್ತದೆ. ಕಪ್ಪು ನೀರು ಹೆಚ್ಚಿದ್ದರೆ ಅದನ್ನು ಬೆಳಗಿಸಲು ಹೋಗಿ ನಡುವೆ ನಿಂತ ಬಿಳಿ ಹಕ್ಕಿಯನ್ನು ಸುಟ್ಟುಬಿಡುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸು. ಮಂಜು ತುಂಬಿದ ಬೆಳಗಿಗೆ ಇದರ ಉಲ್ಟಾ, ಒಂದು ಸ್ಟಾಪ್ ಏರಿಸು, ಇಲ್ಲದಿದ್ದರೆ ಮಂಜು ಕೊಳೆ ಬಟ್ಟೆಯ ಹಾಗೆ ಕಾಣುತ್ತದೆ. ಮೊಬೈಲಿನಲ್ಲಾದರೆ ಹಕ್ಕಿಯ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಜಾರಿಸಿದರೆ ಆಯಿತು. ಇದನ್ನು ನನಗೆ ಕಲಿಸಿದವಳು ನೀನೇ.

1,140ರಲ್ಲಿ ಒಂದೇ ಒಂದರ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ. ಕೈಮರದ ಮೇಲೆ ಕೂತ ಕಪ್ಪು ಬಿಳಿ ಮಿಂಚುಳ್ಳಿ. ಎದೆಯ ಮೇಲಿನ ಕಪ್ಪು ಪಟ್ಟಿ ನಡುವೆ ಕಡಿದಿರುವುದನ್ನು ಗಮನಿಸಿದೆಯಾ? ಅದು ಹೆಣ್ಣು. ಗಂಡಿಗೆ ಎರಡು ಪಟ್ಟಿ ಇರುತ್ತವೆ. ಕೊಕ್ಕಿನ ತುದಿಯಲ್ಲಿ ನೀರಿನ ಹನಿ ಇನ್ನೂ ಬಿದ್ದಿಲ್ಲ, ಕಣ್ಣಿನಲ್ಲಿ ಬೆಳಕಿನ ಚುಕ್ಕೆ ಇದೆ. ಈಗಷ್ಟೇ ನೀರಿಗೆ ಬಿದ್ದು, ಮೀನು ತಪ್ಪಿ, ಬರಿಗೊಕ್ಕಿನಲ್ಲಿ ವಾಪಸು ಬಂದು ಕೂತಿದ್ದಾಳೆ. ಆ ಮುಖದಲ್ಲಿ ನಿನ್ನ ಅಜ್ಜಿಯ ಸಿಟ್ಟು ಕಂಡಿತು ನನಗೆ. (ಇದನ್ನು ಅವಳಿಗೆ ಓದಿ ಹೇಳಬೇಡ.)

ಈಗ ಲೆನ್ಸಿನ ಮಾತು. 150ರಿಂದ 600 ಮಿಲಿಮೀಟರಿನದು ಬೇಕು, ಅಪ್ಪನಿಗೆ ಸ್ವಲ್ಪ ಶಿಫಾರಸು ಮಾಡಿ ಎಂದಿದ್ದೀಯ. ಲಕ್ಷದ ಮಾತಾಯಿತಲ್ಲ ಎಂದು ಅವನು ಗೊಣಗಿದ. ನಾನೂ ಗೊಣಗುತ್ತೇನೆಂದು ನೀವಿಬ್ಬರೂ ಎಣಿಸಿದ್ದಿರಬೇಕು. ಇಲ್ಲ, ಅರ್ಧ ನಾನು ಕೊಡುತ್ತೇನೆ. ಅದಕ್ಕೆ ಕಾರಣವಿದೆ, ಮತ್ತು ಆ ಕಾರಣ ನೀನು ಹಾಸ್ಟೆಲ್ ಕೋಣೆಗೆ ಬೇಕೆಂದು ಕೇಳಿದ ಹಾಲ್‌ನ ಫೋಟೋದಲ್ಲೇ ಇದೆ.

ಟಿಟ್ಟಿಭ ಮೊಟ್ಟೆಯ ಮೇಲೆ ಬಾಗಿ ನಿಂತಿರುವ ಆ ಫೋಟೋ. ಚಿಕ್ಕವಳಿದ್ದಾಗ ಅದರ ಕೆಳಗೇ ಕೂತು ಪಂಚತಂತ್ರದ ಕಥೆ ಹೇಳಿಸಿಕೊಳ್ಳುತ್ತಿದ್ದೆ: ಸಮುದ್ರ ಟಿಟ್ಟಿಭದ ಮೊಟ್ಟೆಗಳನ್ನು ಕದ್ದದ್ದು, ಹಕ್ಕಿಗಳೆಲ್ಲ ಗರುಡನಲ್ಲಿ ದೂರು ಒಯ್ದದ್ದು, ಕೊನೆಗೆ ವಿಷ್ಣುವಿಗೆ ಹೆದರಿ ಸಮುದ್ರ ಮೊಟ್ಟೆಗಳನ್ನು ವಾಪಸು ಕೊಟ್ಟದ್ದು. ಕಥೆ ಹೇಳುವಾಗ ನಾನು ಆ ಫೋಟೋದ ಕಡೆ ತಿರುಗುತ್ತಿರಲಿಲ್ಲ. ನೀನು ಗಮನಿಸಿರಲಾರೆ.

1988ರ ಮೇ ತಿಂಗಳು. ನಾವು ಆ ಕಾಟೇಜಿಗೆ ಹೋದ ಮೊದಲ ವರ್ಷ. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದು ದಡದಲ್ಲಿ ಹರಳುಕಲ್ಲಿನ ಬಯಲು ಬಿದ್ದಿತ್ತು. ಅಲ್ಲಿ, ಒಂದು ಹುಲ್ಲಿನ ಬುಡದ ನೆರಳಿನಲ್ಲಿ, ನೆಲವನ್ನು ತುಸು ಕೆದರಿ ಮಾಡಿದ ಗುಳಿಯೊಳಗೆ ನಾಲ್ಕು ಮೊಟ್ಟೆ. ಮಣ್ಣಿನ ಬಣ್ಣ, ಮೇಲೆ ಕಪ್ಪು ಚುಕ್ಕಿ, ಕಾಲಿಟ್ಟರೂ ಗೊತ್ತಾಗದು. ನನ್ನ ಕೈಯಲ್ಲಿದ್ದದ್ದು ಸೆಕೆಂಡ್ ಹ್ಯಾಂಡ್ ಜೆನಿತ್, ಅದಕ್ಕೆ 58 ಮಿಲಿಮೀಟರಿನ ಒಂದೇ ಲೆನ್ಸು. ಅದರಲ್ಲಿ ಹಕ್ಕಿ ದೊಡ್ಡದಾಗಿ ಬರಬೇಕಾದರೆ ಆರಡಿ ಹತ್ತಿರ ಹೋಗಬೇಕು. ಹೋದೆ. ಟ್ರೈಪಾಡ್ ಊರಿ, ಬೆಡ್‌ಶೀಟ್ ಹೊದ್ದು ಕೂತೆ. ಹುಲ್ಲಿನ ಎಸಳುಗಳು ಅಡ್ಡ ಬರುತ್ತಿದ್ದವು. ಅವನ್ನು ಕಿತ್ತು ಹಾಕಿದೆ. ಒಂದೂವರೆ ಗಂಟೆ ಹಕ್ಕಿ ತಲೆಯ ಮೇಲೆ ಸುತ್ತುತ್ತಾ ಕಿರುಚಿತು, ಕೊನೆಗೆ ಬಿಸಿಲಿಗೆ ಮೊಟ್ಟೆ ಬೇಯುತ್ತದೆಂಬ ಆತಂಕಕ್ಕೆ ಬಂದು ನಿಂತಿತು. ನಿಂತಿದ್ದು ಯಾಕೆಂದು ನನಗೆ ಆಗ ಗೊತ್ತಿರಲಿಲ್ಲ. ನನ್ನನ್ನು ನಂಬಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗುಳಿ ಖಾಲಿ. ಅಜ್ಜಿ ಪಾತ್ರೆ ತೊಳೆಯಲು ನೀರಿಗೆ ಇಳಿದಿದ್ದವಳು ಕಾಗೆಯನ್ನು ಕಣ್ಣಾರೆ ಕಂಡಿದ್ದಳು. ಊರಿಗೆ ಬಂದು ರೀಲು ತೊಳೆಸಿದಾಗ 36ನೇ ಫ್ರೇಮಿನಲ್ಲಿ, ರೀಲು ಮುಗಿಸಲೆಂದು ಸುಮ್ಮನೆ ನೀರಿನ ಕಡೆ ತಿರುಗಿಸಿ ಒತ್ತಿದ್ದರಲ್ಲಿ, ಒಣಮರವೊಂದರ ಮೇಲೆ ಅದೇ ಕಾಗೆ ಕೂತಿತ್ತು. ನಾನು ಹುಲ್ಲು ಕೀಳುವುದನ್ನು, ಹಕ್ಕಿ ಏಳುವುದನ್ನು, ಏನೇನು ಎಲ್ಲೆಲ್ಲಿದೆ ಎನ್ನುವುದನ್ನು ಅದು ಅಲ್ಲಿಂದ ನೋಡುತ್ತಿತ್ತು.

ಫೋಟೋ ಒಂದು ಸ್ಪರ್ಧೆಗೆ ಹೋಗಿ ಸರ್ಟಿಫಿಕೇಟ್ ತಂದಿತು. "ಅದನ್ನ ಗೋಡೆಗೆ ಹಾಕಬೇಡಿ, ನೋಡಿದಾಗೆಲ್ಲ ಆ ಹಕ್ಕಿ ಕೂಗಿದ ಹಾಗಾಗ್ತದೆ" ಎಂದಳು ಅಜ್ಜಿ. ಹಾಕಿದೆ. ಆಗ ಬಹಳ ಜನ ಗೂಡಿನ ಫೋಟೋ ತೆಗೆಯುತ್ತಿದ್ದರು, ಕೊಂಬೆ ಸವರುವುದನ್ನು ಕೈಚಳಕವೆಂದೇ ಎಣಿಸುತ್ತಿದ್ದರು ಎಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥವಿವರಣೆಯೊಳಗೇ ಕಾಡುಹಕ್ಕಿಗಳ ಗೂಡು, ಮೊಟ್ಟೆಗಳಿಗೆ ತೊಂದರೆ ಕೊಡುವುದೂ ಸೇರಿದೆ. ನಿವೃತ್ತನಾದ ಮೇಲೆ ಓದಿದೆ. ಕೋವಿ ಹಿಡಿದವರನ್ನು ಜೀವಮಾನವಿಡೀ ಬಯ್ದವನು ನಾನು.

ಹಾಗಾಗಿ ಲೆನ್ಸಿಗೆ ಅರ್ಧ ದುಡ್ಡು. 600 ಮಿಲಿಮೀಟರ್ ಇದ್ದರೆ ನೀನು ಜಗಲಿಯ ಕುರ್ಚಿಯಿಂದ ಏಳಬೇಕಾಗಿಲ್ಲ. ಷಟರ್ ವೇಗ ಮಾತ್ರ ಸಾವಿರಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೋ. ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುವ ಮಿಂಚುಳ್ಳಿಗೆ ಅದರ ಎರಡರಷ್ಟಾದರೂ ಬೇಕು. ಮಳೆಗಾಲದಲ್ಲಿ ಇಲ್ಲಿಗೆ ತಂದರೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡು. ನನ್ನ ಎರಡನೇ ಲೆನ್ಸಿನೊಳಗೆ ಒಂದೇ ಮಳೆಗಾಲಕ್ಕೆ ಜೇಡರ ಬಲೆಯಂಥ ಬೂಷ್ಟು ಹಬ್ಬಿತ್ತು.

ಇನ್ನು ಲಕ್ಕವಳ್ಳಿಯ ನಡುಗಡ್ಡೆಗಳ ರೀವಗಳನ್ನು ಹತ್ತಿರದಿಂದ ತೆಗೆಯಬೇಕು ಎಂದಿದ್ದೀಯಲ್ಲ, ನದಿ ರೀವ, ನಿಮ್ಮ ರಿವರ್ ಟರ್ನ್. ಬೇಸಿಗೆಯಲ್ಲಿ ನೀರಿಳಿದು ಮೇಲೆದ್ದ ಬೋಳು ದಿಬ್ಬಗಳಲ್ಲಿ ಅವು ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಮಳೆ ಹಿಡಿದು ನೀರು ಏರುವುದರೊಳಗೆ ಮರಿಗಳಿಗೆ ರೆಕ್ಕೆ ಬಲಿಯಬೇಕು, ಇಲ್ಲವಾದರೆ ಮುಳುಗಿದವು. ಅಷ್ಟೊಂದು ಅವಸರದ ಸಂಸಾರ. ಅದು ಹುಲಿ ಸಂರಕ್ಷಿತ ಪ್ರದೇಶ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಇಳಿಯಬಹುದಾಗಿದ್ದರೂ ಬೇಡ. ದೋಣಿಯಲ್ಲಿ ಕೂತೇ ತೆಗೆ. ಹಕ್ಕಿಗಳು ಒಟ್ಟಿಗೆ ಮೇಲೆದ್ದರೆ ಕ್ಯಾಮೆರಾ ಕೆಳಗಿಟ್ಟು ದೋಣಿಯವನಿಗೆ ಹಿಂದೆ ಸರಿಯಲು ಹೇಳು. ಆ ಎದ್ದ ಹಿಂಡಿನ ಫೋಟೋವೇ ಎಲ್ಲರೂ ಹೊಗಳುವಂಥದ್ದು, ಗೊತ್ತು. ಕೆಳಗೆ ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ.

ಗೋಡೆಯ ಫೋಟೋ ಕಳಿಸುವುದಿಲ್ಲ. ನಿನ್ನೆ ಇಳಿಸಿ ಮಡಚಿದ ಸೀರೆಗಳ ನಡುವೆ ಇಟ್ಟೆ. ಗೋಡೆಯಲ್ಲಿ ಬಿಳಿ ಚೌಕ ಉಳಿದಿದೆ. ಅಜ್ಜಿ ನೋಡಿದಳು, ಏನೂ ಹೇಳಲಿಲ್ಲ, ರಾತ್ರಿ ಊಟಕ್ಕೆ ಕೇಳದೆಯೇ ಎರಡನೇ ಸಲ ತುಪ್ಪ ಹಾಕಿದಳು. ಆ ಫೋಟೋದ ಬದಲು ಈ ಕಾಗದದ ಜೊತೆ ಒಂದು ಆಲ್ಬಮ್ ಬರುತ್ತದೆ. ಇದನ್ನು ನಾನು ಯಾರಿಗೂ ತೋರಿಸಿಲ್ಲ. ತೋರಿಸಿದರೆ "ಇದೇನು, ಎಲ್ಲ ಒಂದೇ ಫೋಟೋ" ಎನ್ನುತ್ತಾರೆ.

ಕೈಮರದ 34 ಫೋಟೋಗಳು. 1988ರಿಂದ ಪ್ರತಿ ಮೇ ತಿಂಗಳಿಗೆ ಒಂದು. ನಿನ್ನಪ್ಪನ ಮದುವೆಯ ವರ್ಷ ಮತ್ತು ಕೊರೊನಾದ ಎರಡು ವರ್ಷ ತಪ್ಪಿವೆ. 1960ರ ದಶಕದಲ್ಲಿ ಅಣೆಕಟ್ಟೆ ತುಂಬಿದಾಗ ಮುಳುಗಿ ಸತ್ತು, ಬೀಳದೆ ನಿಂತ ಮರ. ಒಂದೇ ಕೊಂಬೆ ದಾರಿ ತೋರಿಸುವಂತೆ ಚಾಚಿಕೊಂಡಿದೆ, ಅದಕ್ಕೆ ಆ ಹೆಸರಿಟ್ಟವಳು ನಿನ್ನ ಅತ್ತೆ, ಆಗ ಅವಳಿಗೆ ಒಂಬತ್ತು ವರ್ಷ. ಮೊದಲನೆಯದರಲ್ಲಿ ಆ ಕಾಗೆ ಇದೆ. ಆಮೇಲಿನವುಗಳಲ್ಲಿ ನೀರುಕಾಗೆ, ಮಿಂಚುಳ್ಳಿ, ಬೆಳ್ಳಕ್ಕಿ, ಏಳೆಂಟರಲ್ಲಿ ಯಾರೂ ಇಲ್ಲ. 1997ರದ್ದರಲ್ಲಿ ಬಿಳಿಯೆದೆಯ ಗರುಡ ಕೂತಿದ್ದಾನೆ. ಅಜ್ಜಿ ಎರಡೂ ಕೈ ಜೋಡಿಸಿದಳು. ಟಿಟ್ಟಿಭಗಳ ದೂರು ಕೇಳುವ ಗರುಡನಲ್ಲ ಇವನು, ಸಿಕ್ಕರೆ ಮರಿಯನ್ನೂ ಬಿಡುವವನಲ್ಲ. ಇರಲಿ.

ಮರದ ಬುಡ ನೋಡು. ಜಲಾಶಯ ತುಂಬಿದರೆ 186 ಅಡಿ, ಆಗ ಕೊಂಬೆ ಮಾತ್ರ ಮೇಲೆ. ಮಳೆ ಕೈಕೊಟ್ಟ ಮರುವರ್ಷದ ಫೋಟೋಗಳಲ್ಲಿ ಬೇರು ಕೂಡ ಕಾಣುತ್ತದೆ, ಅದರಾಚೆ ಗದ್ದೆಯ ಬದು, ಬದುವಿನ ಪಕ್ಕ ಒಂದು ಒರಳುಕಲ್ಲು. ಯಾರದೋ ಮನೆಯ ಹಿತ್ತಲು. ಎರಡು ಫೋಟೋಗಳಲ್ಲಷ್ಟೇ ಒರಳು ಸಿಕ್ಕಿದೆ. ಅದು ನನ್ನ ಕಣ್ಣಿಗೆ ಬಿದ್ದದ್ದು ತೆಗೆದ ಎಷ್ಟೋ ವರ್ಷದ ಮೇಲೆ, ಒಂದರ ಪಕ್ಕ ಒಂದಿಟ್ಟು ನೋಡುವಾಗ.

ಮೂಡಿಗೆರೆಯಲ್ಲಿ ಕೂತು ತೋಟದ ಹಕ್ಕಿಗಳನ್ನು ತೆಗೆದ ಪೂರ್ಣಚಂದ್ರ ತೇಜಸ್ವಿ, ರಾಜ್ಯದ ಹಣಕಾಸು ಮಂತ್ರಿಯಾಗಿದ್ದೂ ಕ್ಯಾಮೆರಾ ಬಿಡದ ಸಂಡೂರಿನ ಎಂ.ವೈ. ಘೋರ್ಪಡೆ, ಇವರೆಲ್ಲ ನಮ್ಮ ಹವ್ಯಾಸಿಗಳ ಪಂಗಡದ ದೊಡ್ಡವರು. ನಾನು ಆ ಪಂಕ್ತಿಯ ಎಲೆಯ ಕೊನೆಗೂ ಕೂರುವವನಲ್ಲ. ಬ್ಯಾಂಕಿನಲ್ಲಿ ರಜೆ ಕೇಳಿ, ಮಕ್ಕಳ ಪರೀಕ್ಷೆ ನೋಡಿ, ಮೂರು ಸಂಸಾರ ಒಪ್ಪುವ ದಿನ ಹುಡುಕಿ ಹೊರಡಬೇಕು. ಎಲ್ಲರಿಗೂ ಹೊಂದುವ ಜಾಗ ಅದೊಂದೇ. ಬಂಡೀಪುರ, ಕಬಿನಿ ಎಂದು ಒಬ್ಬನೇ ಅಲೆಯಲಾಗಲಿಲ್ಲ ಎಂದು ಆಗೆಲ್ಲ ಒಳಗೊಳಗೇ ಕುದಿಯುತ್ತಿದ್ದೆ. ಸ್ವತಂತ್ರನಾಗಿದ್ದರೆ ಎರಡನೇ ವರ್ಷವೇ ಬೇರೆ ಕಡೆ ಹೋಗುತ್ತಿದ್ದೆ, ಒಂದು ಒಣಮರಕ್ಕೆ 34 ಸಲ ಯಾರು ಹೋಗುತ್ತಾರೆ? ಅಜ್ಜಿ ಅಕ್ಕಿರೊಟ್ಟಿ ತಟ್ಟಲು ಶುರುಮಾಡುವ ಮುನ್ನ ಸಿಗುವ ಆ ಒಂದು ಗಂಟೆಯಲ್ಲಿ ತೆಗೆದವು ಇವೆಲ್ಲ. ಕೆಲವುಗಳಲ್ಲಿ ಒಲೆಯ ಹೊಗೆಯೂ ಬಂದಿದೆ, ಮಂಜು ಎಂದುಕೊಳ್ಳಬೇಡ.

ಈ ಸಲ ಮೇ ಎರಡನೇ ವಾರ ಎಂದು ನಿನ್ನಪ್ಪ ಹೇಳಿದ್ದಾನೆ. ನನ್ನ ಕೈ ನಡುಗುವುದರಿಂದ 35ನೆಯದನ್ನು ನೀನು ತೆಗೆಯಬೇಕು. ಜಗಲಿಯ ಎಡಗಡೆಯ ಕಂಬಕ್ಕೆ ಒರಗಿ ನಿಂತರೆ ಸರಿಯಾದ ಜಾಗ ಸಿಗುತ್ತದೆ, ಕಂಬದ ಮೇಲೆ ನನ್ನ ಭುಜ ತಾಗಿ ತಾಗಿ ಬಣ್ಣ ಹೋಗಿದೆ. ನಿನ್ನ ಭುಜ ಎರಡು ಅಂಗುಲ ಕೆಳಗಿರಬಹುದು. ಹೊಸ ಲೆನ್ಸು ಬಂದಿದ್ದರೂ ಇದಕ್ಕೆ ಮಾತ್ರ ಹಳೆಯ ಐವತ್ತರದ್ದು ಹಾಕು, ದಡವೂ ಬರಬೇಕು.

ಗೂಡು ಕಂಡರೆ ಸದ್ದಿಲ್ಲದೆ ಹಿಂದೆ ಬಾ, ಚಿಕ್ಕಪ್ಪನ ಮಕ್ಕಳಿಗೂ ತೋರಿಸಬೇಡ, ಮೊಬೈಲಿನಲ್ಲಿ ಜಾಗದ ಗುರುತು ಹಾಕಬೇಡ. ಬರುವಾಗ ಅಮ್ಮನಿಗೆ ಹೇಳಿ ಹಳೆಯ ಬೆಡ್‌ಶೀಟ್ ಒಂದು ತಾ, ಖಾಕಿಯದೋ ಕಂದುಬಣ್ಣದ್ದೋ. 1988ರಲ್ಲಿ ನಾನು ಹೊದ್ದದ್ದು ಅಜ್ಜಿಯ ಮದುವೆಯ ಬಿಳಿ ಚಾದರ. ಅದಕ್ಕೂ ಇನ್ನೂ ಬೈಗುಳ ತಿನ್ನುತ್ತಿದ್ದೇನೆ.

ಇಂತಿ ನಿನ್ನ
ಅಜ್ಜ