ಮೊಬೈಲಿನ ಆರ್ಡರು ಮೋಟರಿಗೆ ಮುಟ್ಟುವುದು ಹೇಗೆ?

ನಮ್ಮ ಬಯಲುಸೀಮೆಯಲ್ಲಿ ತ್ರೀಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಹೊತ್ತೇ ಬರೋದು. ಹಾವು-ಚೇಳಿನ ಭಯದಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವುದು ತಪ್ಪಲಿ ಎಂದು ಬಹಳ ರೈತರು ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಕೂರಿಸಿದ್ದಾರೆ. ನಾನೂ ಕೂರಿಸಿದ್ದೇನೆ. ಆರ್ಡರು ಹೋಗುವ ದಾರಿ ತಿಳಿದಿದ್ದರೆ ಮೋಟರೂ ಉಳೀತದೆ, ಜೀವವೂ ಉಳೀತದೆ.

ಮೊಬೈಲ್ ಎಂದರೆ ಕಳಿಸುವ, ಹಿಡಿಯುವ ಎರಡೂ ಕೆಲಸ ಮಾಡುವ ಪುಟ್ಟ ರೇಡಿಯೋ. ನಮ್ಮ ದನಿ ಮೈಕಿನಲ್ಲಿ ವಿದ್ಯುತ್ತಿನ ಏರಿಳಿತವಾಗುತ್ತದೆ. ಸಾಧಾರಣ ಕರೆಯಲ್ಲಿ ಫೋನು ಅದನ್ನು ಸೆಕೆಂಡಿಗೆ 8,000 ಸಲ ಅಳೆದು ಅಂಕಿ ಮಾಡುತ್ತದೆ. ಅಂಕಿಗಳನ್ನು ಅಡಕ ಮಾಡಿ ರೇಡಿಯೋ ಅಲೆಯಲ್ಲಿ ಟವರಿಗೆ ಕಳಿಸುತ್ತದೆ. ಎದುರೆದುರೇ ನಿಂತಿದ್ದರೂ ಎರಡು ಫೋನು ನೇರ ಮಾತಾಡೋದಿಲ್ಲ. ಟವರಿನಿಂದ ನೆಲದಡಿಯ ಗಾಜಿನೆಳೆ ಕೇಬಲ್ಲಿನಲ್ಲೋ, ಟವರಿನ ಮೇಲಿನ ದುಂಡು ಡಿಶ್ಶಿನ ಮೂಲಕವೋ ಕಂಪನಿಯ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಫೋನಿನ ಹತ್ತಿರದ ಟವರಿಗೆ ಬರಬೇಕು.

ಕರೆಗೆ ಮಾತು ಮುಗಿಯುವ ತನಕ ಈ ದಾರಿ ತೆರೆದೇ ಇರಬೇಕು. ಸಿಗ್ನಲ್ ಹೋದರೆ ಮಾತು ಕಡಿಯುತ್ತದೆ. ಎಸ್ಸೆಮ್ಮೆಸ್ ಹಾಗಲ್ಲ. ಅದು ಚಿಕ್ಕ ಚೀಟಿ. ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಕೊಂಬು, ಒತ್ತು ಎಲ್ಲ ಬೇರೆ ಬೇರೆ ಎಣಿಸಿ 70 ಮಾತ್ರ. ಆ ಕಡೆ ಸಿಗ್ನಲ್ ಇಲ್ಲದಿದ್ದರೆ ಚೀಟಿ ಕಂಪನಿಯ ಕೇಂದ್ರದಲ್ಲಿ ಕಾದು, ಸಿಗ್ನಲ್ ಬಂದಾಗ ಮುಟ್ಟುತ್ತದೆ.

ಅನುಕೂಲ ಇದೇ, ಅಪಾಯವೂ ಇದೇ. ಸಂಜೆ ಕಳಿಸಿದ 'ಆನ್' ಸಂದೇಶ ರಾತ್ರಿ ಮುಟ್ಟಿದರೆ ಮೋಟರು ಆಗ ಓಡೀತು! ಅಷ್ಟರಲ್ಲಿ ಯಾರಾದರೂ ವೈರಿಗೆ ಕೈ ಹಾಕಿದ್ದರೆ?

ಆದ್ದರಿಂದ ಈ ನಾಲ್ಕು ಮಾತು ನೆನಪಿರಲಿ:

1. ರಿಪೇರಿಗೆ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಮೊಬೈಲಿನಲ್ಲಿ 'ಆಫ್' ಮಾಡಿದ್ದೇನೆ ಎಂದು ನಂಬಬೇಡಿ.

2. ಸಂದೇಶ ಹೋಯಿತೆಂದರೆ ಕೆಲಸ ಆಯಿತೆಂದಲ್ಲ. ಸ್ಟಾರ್ಟರಿನಿಂದ ಮರು ಉತ್ತರ ಬರುವ ಮಾದರಿಯನ್ನೇ ಕೊಳ್ಳಿ.

3. ಕಬ್ಬಿಣದ ಪೆಟ್ಟಿಗೆ ರೇಡಿಯೋ ಅಲೆಯನ್ನು ತಡೆಯುತ್ತದೆ. ಆಂಟೆನಾ ಪೆಟ್ಟಿಗೆಯ ಹೊರಗೆ, ಎತ್ತರದಲ್ಲಿರಲಿ. ವಿದ್ಯುತ್ ತಂತಿಯಿಂದ ದೂರವಿರಲಿ.

4. 2ಜಿ ಸ್ಟಾರ್ಟರಿಗೆ 4ಜಿ ಮಾತ್ರ ಇರುವ ಕಂಪನಿಯ ಸಿಮ್ ಕೆಲಸ ಮಾಡದು. ಸಿಮ್ ಕೊಳ್ಳುವ ಮೊದಲು ಆ ಕಂಪನಿಯ ಸಿಗ್ನಲ್ಲನ್ನು ಮನೆಯಲ್ಲಲ್ಲ, ಬೋರಿನ ಹತ್ತಿರವೇ ನಿಂತು ನೋಡಿ.