ಹಲಗೆ ಹಾದಿಯಲ್ಲಿ ಇಡೀ ತರಗತಿ: ಜೌಗು ಪ್ರದೇಶದ ಕ್ಷೇತ್ರ ಭೇಟಿಗೆ ಒಂದು ಪಾಠ ಯೋಜನೆ

ತರಗತಿ: 8
ವಿಷಯ: ವಿಜ್ಞಾನ, ಗಣಿತ, ಸಮಾಜ ವಿಜ್ಞಾನ (ಸಮನ್ವಯ ಪಾಠ)
ಅವಧಿ: 40 ನಿಮಿಷಗಳ ಮೂರು ತರಗತಿಗಳು ಮತ್ತು ಒಂದು ದಿನದ ಕ್ಷೇತ್ರ ಭೇಟಿ
ಶಾಲೆ: ಬಿಡದಿ ಕೈಗಾರಿಕಾ ಪ್ರದೇಶದ ಆಸುಪಾಸಿನ ಪ್ರೌಢಶಾಲೆಗಳಿಗೆ ಹೊಂದುವಂತೆ

ಹಿನ್ನೆಲೆ

ಬೋಧನಾಭ್ಯಾಸದಲ್ಲಿ ನಾವು ಬರೆಯುವ ಕ್ಷೇತ್ರ ಭೇಟಿಯ ಯೋಜನೆಗಳಲ್ಲಿ ಬಸ್ಸು, ಊಟ, ಪೋಷಕರ ಒಪ್ಪಿಗೆ ಪತ್ರ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎಲ್ಲವೂ ಇರುತ್ತವೆ. ಬಸ್ಸಿನಿಂದ ಇಳಿದ ಮೇಲೆ ನೋಡುವ ಜಾಗದವರೆಗಿನ ದಾರಿ ಮಾತ್ರ ಇರುವುದಿಲ್ಲ. ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿನಿ ಒಬ್ಬಳಿದ್ದರೆ ಅದರ ಫಲ ಅವಳ ಪಾಲಿಗೆ ಬರುತ್ತದೆ. ಆ ದಿನ ಅವಳು ಮನೆಯಲ್ಲಿ ಉಳಿಯುತ್ತಾಳೆ, ಮರುದಿನ ಗೆಳತಿಯರ ಟಿಪ್ಪಣಿ ನೋಡಿ ವರದಿ ಬರೆದು ಕೊಡುತ್ತಾಳೆ. ಅಂಕ ಸಿಗುತ್ತದೆ, ಪಾಠ ಸಿಗುವುದಿಲ್ಲ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 16ನೇ ಕಲಮಿನ ಪ್ರಕಾರ ಶಾಲೆಯು ಶಿಕ್ಷಣ, ಕ್ರೀಡೆ, ಮನರಂಜನೆಯ ಅವಕಾಶಗಳನ್ನು ಇತರ ಮಕ್ಕಳಿಗೆ ಸಮನಾಗಿ ಒದಗಿಸಬೇಕು. ಕಟ್ಟಡ, ಆವರಣ ಮತ್ತು ಸೌಲಭ್ಯಗಳು ಅವರಿಗೆ ತಲುಪುವಂತಿರಬೇಕು. ಕ್ಷೇತ್ರ ಭೇಟಿ ಪಾಠದ ಭಾಗವಾದರೆ ಈ ಮಾತು ಅದಕ್ಕೂ ಸಲ್ಲುತ್ತದೆ.

ಈ ಯೋಜನೆಯಲ್ಲಿ ದಾರಿಯನ್ನೇ ಪಾಠದ ವಸ್ತುವಾಗಿ ತೆಗೆದುಕೊಂಡಿದೆ. ಜೌಗು ಪ್ರದೇಶಗಳಲ್ಲಿ ನೆಲಕ್ಕೆ ತಾಗದಂತೆ ಕಂಬಗಳ ಮೇಲೆ ಕಟ್ಟುವ ಬೋರ್ಡ್‌ವಾಕ್, ಅಂದರೆ ಹಲಗೆ ಹಾದಿ, ಇದಕ್ಕೆ ತಕ್ಕ ಉದಾಹರಣೆ. ಕೆಸರನ್ನು ಕಾಪಾಡಲು ಕಟ್ಟಿದ ಮಟ್ಟಸ ದಾರಿಯೇ ಗಾಲಿಕುರ್ಚಿಗೂ ಒಪ್ಪುತ್ತದೆ ಎಂಬುದನ್ನು ಮಕ್ಕಳು ಅಳತೆಯ ಮೂಲಕ ಕಂಡುಕೊಳ್ಳಬೇಕು.

ಕಲಿಕಾ ಫಲಗಳು

1. ಜೌಗು ಪ್ರದೇಶ ಎಂದರೇನು ಎಂದು ಸ್ಥಳೀಯ ಉದಾಹರಣೆಯೊಂದಿಗೆ ವಿವರಿಸುವರು.
2. ಮಣ್ಣು ತುಂಬಿದ ದಾರಿಗೂ ಹಲಗೆ ಹಾದಿಗೂ ಇರುವ ವ್ಯತ್ಯಾಸವನ್ನು ಕಾರಣ ಸಹಿತ ಹೇಳುವರು.
3. ಅನುಪಾತವನ್ನು ಬಳಸಿ ಇಳಿಜಾರಿನ ಉದ್ದವನ್ನು ಲೆಕ್ಕ ಹಾಕುವರು.
4. ಒಂದು ಸಾರ್ವಜನಿಕ ಸ್ಥಳ ಎಲ್ಲರಿಗೂ ತಲುಪುವಂತಿದೆಯೇ ಎಂದು ಅಳತೆಗಳ ಆಧಾರದ ಮೇಲೆ ತೀರ್ಮಾನಿಸುವರು.

ಹಂತ 1: ತೊಡಗಿಸಿಕೊಳ್ಳುವಿಕೆ

ಬಿಡದಿಯ ಮಕ್ಕಳಿಗೆ ಜೌಗು ಪ್ರದೇಶ ಹೊಸದಲ್ಲ. ಬೈರಮಂಗಲ ಕೆರೆಯ ನೊರೆ, ವಾಸನೆ, ಅಂಚಿನ ಜೊಂಡು ಅವರಿಗೆ ಗೊತ್ತು. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರುವ ವೃಷಭಾವತಿ ಈ ಕೆರೆಗೆ ಸೇರುತ್ತದೆ. ಮುಂದೆ ಈ ನೀರು ಅರ್ಕಾವತಿಯನ್ನು ಕೂಡಿಕೊಂಡು ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಕಪ್ಪುಹಲಗೆಯ ಮೇಲೆ ಈ ದಾರಿಯ ನಕ್ಷೆಯನ್ನು ಮಕ್ಕಳಿಂದಲೇ ಬರೆಸಬೇಕು.

ಅನಂತರ ರಾಮ್ಸಾರ್ ಒಪ್ಪಂದದ ಪರಿಚಯ. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರುವರಿ 2ರಂದು ಆದ ಈ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ಕರ್ನಾಟಕದಲ್ಲಿ ಮೊದಲು 2022ರಲ್ಲಿ ರಂಗನತಿಟ್ಟು, ಬಳಿಕ 2024ರಲ್ಲಿ ಅಘನಾಶಿನಿ ಅಳಿವೆ, ಮಾಗಡಿ ಕೆರೆ, ಅಂಕಸಮುದ್ರ ಈ ಪಟ್ಟಿಗೆ ಸೇರಿದವು. ಇಲ್ಲಿ ಮಕ್ಕಳು “ನಮ್ಮ ಮಾಗಡಿಯಾ ಮಿಸ್?” ಎಂದು ಕೇಳುವುದು ಖಚಿತ. ಇದು ಕೆಂಪೇಗೌಡರ ಮಾಗಡಿಯಲ್ಲ, ಗದಗ ಜಿಲ್ಲೆಯ ಮಾಗಡಿ ಎಂದು ಭೂಪಟದಲ್ಲಿ ತೋರಿಸಿ.

ಹಂತ 2: ಪರಿಶೋಧನೆ

ಚಟುವಟಿಕೆ ಅ: ಎರಡು ಟ್ರೇಗಳಲ್ಲಿ ಕೆರೆ ಮಣ್ಣು ಹಾಕಿ, ನೀರು ಬೆರೆಸಿ, ಚಿಕ್ಕ ಹುಲ್ಲು ನೆಡಬೇಕು. ಮೊದಲನೆಯದರ ನಡುವೆ ಜಲ್ಲಿ ಮತ್ತು ಮಣ್ಣು ತುಂಬಿ ಏರಿಯಂತೆ ದಾರಿ ಮಾಡಬೇಕು. ಎರಡನೆಯದರಲ್ಲಿ ಕಡ್ಡಿಗಳನ್ನು ನೆಟ್ಟು, ಅವುಗಳ ಮೇಲೆ ಐಸ್‌ಕ್ರೀಮ್ ಕಡ್ಡಿಗಳನ್ನು ಸಣ್ಣ ಸಂದಿ ಬಿಟ್ಟು ಅಡ್ಡಡ್ಡ ಜೋಡಿಸಬೇಕು. ಎರಡಕ್ಕೂ ಒಂದು ಬದಿಯಿಂದ ನಿಧಾನವಾಗಿ ನೀರು ಹಾಯಿಸಬೇಕು.

ಮೊದಲ ಟ್ರೇಯಲ್ಲಿ ನೀರು ಒಂದೇ ಬದಿಯಲ್ಲಿ ನಿಲ್ಲುತ್ತದೆ, ಇನ್ನೊಂದು ಬದಿ ಬಡವಾಗುತ್ತದೆ. ಎರಡನೆಯದರಲ್ಲಿ ನೀರು ಹಾದಿಯ ಕೆಳಗಿನಿಂದ ಹರಿಯುತ್ತದೆ, ಸಂದಿಯಿಂದ ಬೆಳಕು ಇಳಿಯುತ್ತದೆ, ಬೇರು ತುಳಿತಕ್ಕೆ ಸಿಕ್ಕುವುದಿಲ್ಲ.

ಚಟುವಟಿಕೆ ಆ: ಆಟಿಕೆ ಗಾಡಿಯೊಂದನ್ನು ಎರಡೂ ದಾರಿಗಳ ಮೇಲೆ ಓಡಿಸಿ ನೋಡಲಿ. ಬಳಿಕ ಕಡ್ಡಿಗಳನ್ನು ಉದ್ದುದ್ದ ಜೋಡಿಸಿ ಮತ್ತೆ ಓಡಿಸಲಿ. ಚಕ್ರ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಲಗೆಗಳನ್ನು ನಡೆಯುವ ದಿಕ್ಕಿಗೆ ಅಡ್ಡಲಾಗಿ ಏಕೆ ಹಾಕುತ್ತಾರೆ, ಸಂದಿ ಏಕೆ ಕಿರಿದಾಗಿರಬೇಕು, ಅಂಚಿನಲ್ಲಿ ಚಿಕ್ಕ ಕಟ್ಟೆ ಏಕೆ ಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಇಲ್ಲೇ ದೊರಕುತ್ತದೆ.

ಹಂತ 3: ವಿವರಣೆ

ನಮ್ಮ ರಾಜ್ಯದಲ್ಲಿ ಹಲಗೆ ಹಾದಿಗೆ ಉದಾಹರಣೆ ಹೊನ್ನಾವರದ ಕಾಸರಕೋಡಿನಲ್ಲಿದೆ. ಶರಾವತಿ ಅಳಿವೆಯ ಕಾಂಡ್ಲಾ ಕಾಡಿನ ನಡುವೆ ಅರಣ್ಯ ಇಲಾಖೆ ಮರದ ಹಾದಿ ಕಟ್ಟಿದೆ. ಉಬ್ಬರ ಇಳಿತದ ನೀರು ಅದರ ಕೆಳಗೆ ಬಂದು ಹೋಗುತ್ತದೆ. ಹೊರದೇಶದ ಉದಾಹರಣೆಯಾಗಿ ಅಮೆರಿಕದ ಫ್ಲೋರಿಡಾದಲ್ಲಿರುವ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನದ ಅನ್ಹಿಂಗ ಹಾದಿಯನ್ನು ತೋರಿಸಬಹುದು. ಮೊಸಳೆಯ ಬಂಧುಗಳಾದ ಅಲಿಗೇಟರ್‌ಗಳಿರುವ ಆ ಜೌಗಿನ ಮೇಲೆ ಗಾಲಿಕುರ್ಚಿಯಲ್ಲಿ ಕುಳಿತೇ ಸಾಗಬಹುದು. ಎರಡರ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು, ಆರಂಭದಲ್ಲಿ ಮೆಟ್ಟಿಲಿದೆಯೇ, ಕೈಹಿಡಿ ಇದೆಯೇ, ತಿರುಗಿಸಲು ಜಾಗವಿದೆಯೇ ಎಂದು ಮಕ್ಕಳೇ ಹುಡುಕಲಿ.

ಈಗ ಗಣಿತ. ನಮ್ಮ ದೇಶದ ಮಾರ್ಗಸೂಚಿಗಳಲ್ಲಿ ಇಳಿಜಾರಿನ ಅನುಪಾತ 1:12. ಒಂದು ಸೆಂ.ಮೀ. ಏರಲು 12 ಸೆಂ.ಮೀ. ಉದ್ದ ಬೇಕು.

ಶಿಕ್ಷಕಿ: ನಮ್ಮ ಶಾಲೆಯ ಜಗಲಿಗೆ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲುಗಳಿವೆ ಎಂದುಕೊಳ್ಳಿ. ಇಳಿಜಾರು ಎಷ್ಟು ಉದ್ದ ಬೇಕು?
ವಿದ್ಯಾರ್ಥಿ: ಒಟ್ಟು 45 ಸೆಂ.ಮೀ. ಏರಬೇಕು. 45 × 12 = 540. ಐದೂವರೆ ಮೀಟರಿಗೆ ಸ್ವಲ್ಪ ಕಮ್ಮಿ, ಮಿಸ್.
ಶಿಕ್ಷಕಿ: ನಿಮ್ಮ ಮನೆಯವರು ಕೆಲಸ ಮಾಡುವ ಕಾರ್ಖಾನೆಗಳಲ್ಲಿ ಇಂಥ ಇಳಿಜಾರು ಎಲ್ಲಿರುತ್ತೆ?
ವಿದ್ಯಾರ್ಥಿನಿ: ಗೋಡೌನ್ ಹತ್ರ. ಟ್ರಾಲಿ ತಳ್ಳೋಕೆ.
ಶಿಕ್ಷಕಿ: ಸರಕಿಗೆ ದಾರಿ ಮಾಡೋದು ನಮಗೆ ಗೊತ್ತಿದೆ ಹಾಗಾದ್ರೆ. ಗಾಲಿಕುರ್ಚಿಯಲ್ಲಿ ಬರೋರಿಗೆ ಮೆಟ್ಟಿಲಿರೋ ಕಡೆ ಏನು ಮಾಡೋಣ?
ವಿದ್ಯಾರ್ಥಿ: ನಾವು ನಾಲ್ಕು ಜನ ಸೇರಿ ಎತ್ತಿಕೊಂಡು ಹೋಗ್ತೀವಿ ಮಿಸ್.

ಈ ಉತ್ತರ ಬಂದೇ ಬರುತ್ತದೆ. ಇದು ಒಳ್ಳೆಯ ಮನಸ್ಸಿನ ಮಾತು. ಗದರಬಾರದು, ಅಲ್ಲಿಗೇ ಬಿಡಲೂಬಾರದು. ಹದಿಮೂರು ವರ್ಷದ ಹುಡುಗಿಗೆ ಎಲ್ಲರೆದುರು ಎತ್ತಿಸಿಕೊಳ್ಳುವುದು ಇಷ್ಟವಿರುತ್ತದೆಯೇ? ಜಾರಿದರೆ? ನಾಲ್ವರಲ್ಲಿ ಇಬ್ಬರು ಬರದಿದ್ದರೆ? ಅವಳಿಗೆ ಬೇಕೆನಿಸಿದಾಗ ವಾಪಸು ಬರಲಾದೀತೇ? ಈ ಪ್ರಶ್ನೆಗಳನ್ನು ಇಡೀ ತರಗತಿಗೆ ಹಾಕಬೇಕು, ಯಾವ ವಿದ್ಯಾರ್ಥಿನಿಯ ಕಡೆಗೂ ಬೆರಳು ತೋರಿಸಿ ಅಲ್ಲ. ಸಹಾಯ ಕೇಳಿ ಪಡೆಯುವುದಕ್ಕೂ ಸಹಾಯವಿಲ್ಲದೆ ತಾನೇ ಹೋಗುವುದಕ್ಕೂ ಇರುವ ವ್ಯತ್ಯಾಸ ಮಕ್ಕಳ ಬಾಯಿಂದಲೇ ಬರಬೇಕು.

ಹಂತ 4: ವಿಸ್ತರಣೆ (ಕ್ಷೇತ್ರ ಭೇಟಿ)

ಸ್ಥಳ: ರಂಗನತಿಟ್ಟು ಪಕ್ಷಿಧಾಮ, ಶ್ರೀರಂಗಪಟ್ಟಣ ತಾಲ್ಲೂಕು. ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ದಿಕ್ಕಿನಲ್ಲಿ ಪ್ರಯಾಣ. 17ನೇ ಶತಮಾನದಲ್ಲಿ ಕಾವೇರಿಗೆ ಒಡ್ಡು ಕಟ್ಟಿದಾಗ ಉಂಟಾದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಲಾಯಿತು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಚಮಚಕೊಕ್ಕು ಹಕ್ಕಿಗಳು, ಮೊಸಳೆಗಳು ಕಾಣಸಿಗುತ್ತವೆ. ಸಂಗಮವು ರಂಗನತಿಟ್ಟಿಗಿಂತ ಕೆಳಗಿದೆ; ಆದ್ದರಿಂದ ಬೈರಮಂಗಲದ ನೀರು ಇಲ್ಲಿಗೆ ಬರುವುದಿಲ್ಲ. ಒಂದೇ ಜಲಾನಯನದ ಎರಡು ನೀರುಗಳನ್ನು ಹೋಲಿಸಲು ಇದು ಒಳ್ಳೆಯ ಅವಕಾಶ.

ಶಿಕ್ಷಕರು ಮೊದಲೇ ಒಮ್ಮೆ ಹೋಗಿ ಟೇಪು ಹಿಡಿದು ಅಳೆಯಬೇಕಾದವು:

1. ಬಸ್ಸು ನಿಲ್ಲುವ ಜಾಗದಿಂದ ಪ್ರವೇಶದವರೆಗಿನ ನೆಲ, ಗೇಟಿನ ಅಗಲ (ಕನಿಷ್ಠ 90 ಸೆಂ.ಮೀ.).
2. ಮೆಟ್ಟಿಲುಗಳ ಸಂಖ್ಯೆ, ಇಳಿಜಾರುಗಳ ಎತ್ತರ ಮತ್ತು ಉದ್ದ.
3. ಕುಳಿತವರ ಕಣ್ಣಿನ ಮಟ್ಟದಿಂದ ನೀರು ಮತ್ತು ಗೂಡುಗಳು ಕಾಣುತ್ತವೆಯೇ. ಕಟ್ಟೆ ಗಟ್ಟಿ ಗೋಡೆಯಾಗಿದ್ದರೆ ನಿಂತವರಿಗೆ ಹಕ್ಕಿ, ಕುಳಿತವರಿಗೆ ಸಿಮೆಂಟು.
4. ಗಾಲಿಕುರ್ಚಿ ಒಳಹೋಗುವ ಶೌಚಾಲಯ, ಅಲ್ಲಿಯೂ ದಾರಿಯಲ್ಲಿಯೂ. ಹೆದ್ದಾರಿ ಊರುಗಳನ್ನು ಬಳಸಿ ಹೋಗುವುದರಿಂದ ಎಲ್ಲಿ ಇಳಿಯುವುದೆಂದು ಮೊದಲೇ ಗೊತ್ತುಮಾಡಬೇಕು.
5. ನೆರಳು ಮತ್ತು ಕೂರಲು ಜಾಗ.

ದೋಣಿಗೆ ಹತ್ತುವುದು ಎಲ್ಲರಿಗೂ ಸಾಧ್ಯವೇ ಎಂದು ಅಲ್ಲಿನ ಸಿಬ್ಬಂದಿಯನ್ನು ಮುಂಚಿತವಾಗಿ ಕೇಳಬೇಕು. ಸಾಧ್ಯವಿಲ್ಲದಿದ್ದರೆ ಮೌಲ್ಯಮಾಪನಕ್ಕೆ ಸೇರುವ ಯಾವ ಚಟುವಟಿಕೆಯನ್ನೂ ದೋಣಿಯಲ್ಲಿ ಇಡಬಾರದು. ದಡದ ವೀಕ್ಷಣೆಯೇ ಮುಖ್ಯ ಪಾಠವಾಗಲಿ. ಅಳತೆಗಳು ಒಟ್ಟಾರೆ ಹೊಂದದಿದ್ದರೆ ಬದಲಾಗಬೇಕಾದ್ದು ಸ್ಥಳ, ಮಕ್ಕಳ ಪಟ್ಟಿಯಲ್ಲ. ವಾಹನ ಹತ್ತಿರಕ್ಕೆ ಹೋಗುವ ಊರಿನ ಕೆರೆ ಏರಿಯಲ್ಲೂ ಈ ಪಾಠ ನಡೆಯುತ್ತದೆ.

ಸ್ಥಳದಲ್ಲಿ ನಾಲ್ವರ ಗುಂಪುಗಳು. ಒಂದು ಗುಂಪು ಹಕ್ಕಿಗಳನ್ನು ಎಣಿಸಲಿ, ಇನ್ನೊಂದು ಹತ್ತು ನಿಮಿಷ ಕಣ್ಣು ಮುಚ್ಚಿ ದನಿಗಳನ್ನು ಪಟ್ಟಿ ಮಾಡಲಿ, ಮೂರನೆಯದು ದಾರಿ ಅಳೆಯಲಿ; ಅನಂತರ ಕೆಲಸ ಅದಲುಬದಲಾಗಲಿ. ದನಿಯ ಚಟುವಟಿಕೆಯಲ್ಲಿ ದೃಷ್ಟಿದೋಷವಿರುವ ಮಗು ಮುಂದಾಳಾಗಬಹುದು, ಎಣಿಕೆಯಲ್ಲಿ ಶ್ರವಣದೋಷವಿರುವ ಮಗು. ಗಾಲಿಕುರ್ಚಿ ಬಳಸುವ ವಿದ್ಯಾರ್ಥಿನಿಗೆ ದಾರಿ ಅಳೆಯುವ ಕೆಲಸವನ್ನೇ ಕಟ್ಟಿಹಾಕಬಾರದು. ಅವಳೂ ಹಕ್ಕಿ ನೋಡಲು ಬಂದವಳು.

ಹಂತ 5: ಮೌಲ್ಯಮಾಪನ

1. ಜೌಗಿನ ಅಂಚಿನಿಂದ 60 ಸೆಂ.ಮೀ. ಎತ್ತರದಲ್ಲಿರುವ ಹಲಗೆ ಹಾದಿಗೆ ಏರಲು 1:12ರಂತೆ ಎಷ್ಟು ಉದ್ದದ ಇಳಿಜಾರು ಬೇಕು? (ಉತ್ತರ: 7.2 ಮೀ.)
2. ಕೆರೆಯ ನಡುವೆ ಮಣ್ಣಿನ ದಾರಿ ಹಾಕುವುದರಿಂದ ಆಗುವ ಎರಡು ಪರಿಣಾಮಗಳನ್ನು ತಿಳಿಸಿ.
3. ಬೈರಮಂಗಲ ಮತ್ತು ರಂಗನತಿಟ್ಟನ್ನು ನೀರು, ಸಸ್ಯ, ಹಕ್ಕಿ, ಜನರ ಬಳಕೆ ಎಂಬ ನಾಲ್ಕು ಅಂಶಗಳಲ್ಲಿ ಹೋಲಿಸಿ.
4. ಗುಂಪು ಕಾರ್ಯ: ನೀವು ಅಳೆದ ಸ್ಥಳದಲ್ಲಿ ಆಗಬೇಕಾದ ಒಂದು ಬದಲಾವಣೆಯನ್ನು ಚಿತ್ರ ಮತ್ತು ಅಳತೆ ಸಹಿತ ಪತ್ರ ರೂಪದಲ್ಲಿ ಸಂಬಂಧಪಟ್ಟ ಇಲಾಖೆಗೆ ಬರೆಯಿರಿ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ನಾಲ್ಕನೆಯ ಪ್ರಶ್ನೆಯ ಪತ್ರಗಳನ್ನು ತಿದ್ದಿ ದಾಖಲೆ ಪುಸ್ತಕದಲ್ಲಿ ಇಟ್ಟುಕೊಳ್ಳದೆ ಮುಖ್ಯ ಶಿಕ್ಷಕರ ಸಹಿಯೊಂದಿಗೆ ಅಂಚೆಗೆ ಹಾಕಿ. ನಿಮ್ಮ ಅಭ್ಯಾಸದ ತರಗತಿಯಲ್ಲಿ ಗಾಲಿಕುರ್ಚಿ ಬಳಸುವ ಮಗು ಇಲ್ಲದಿದ್ದರೂ ಈ ಅಳತೆಗಳನ್ನು ಬಿಡಬೇಡಿ. ಕಾಲು ಮುರಿದುಕೊಂಡ ಹುಡುಗ, ಮಂಡಿನೋವಿನ ಸಹಾಯಕಿ, ಮಗುವನ್ನೆತ್ತಿಕೊಂಡು ಜೊತೆಗೆ ಬರುವ ತಾಯಿ, ಎಲ್ಲರೂ ಅದೇ ದಾರಿಯಲ್ಲಿ ನಡೆಯುತ್ತಾರೆ. ಮುಂದಿನ ವರ್ಷ ಆ ತರಗತಿಗೆ ಯಾರು ಸೇರುತ್ತಾರೋ, ಅವರಿಗೂ ನಿಮ್ಮ ಯೋಜನೆ ಸಿದ್ಧವಾಗಿರಲಿ.